ಹಸುವಿನ ರಕ್ತ ತೆಗೆಯೋ ಮುಂಚೆ ಪ್ರಶ್ನೆ ಇಟ್ಟುಕೊಳ್ಳಿ

ಹಸು ಮೇವು ಬಿಟ್ಟಿದೆ, ಮೈ ಸುಡುತ್ತಿದೆ, ಹಾಲು ಅರ್ಧಕ್ಕೆ ಇಳಿದಿದೆ. ರಕ್ತ ತೆಗೆದು ಲ್ಯಾಬಿಗೆ ಕಳಿಸಿದರೆ ಬಿಳಿ ರಕ್ತಕಣ 3,000 ಅಂತ ಬರುತ್ತದೆ. ದೊಡ್ಡ ದನಕ್ಕೆ ಇದು ಮೈಕ್ರೋಲೀಟರ್‌ಗೆ 4,000ದಿಂದ 12,000 ಇರಬೇಕು. ‘ಸೋಂಕಿದ್ದರೆ ಜಾಸ್ತಿ ಇರಬೇಕಿತ್ತಲ್ಲ, ಕಡಿಮೆ ಇದೆ, ಹಾಗಾದರೆ ಅಂಥದ್ದೇನಿಲ್ಲ’ ಅಂತ ಸುಮ್ಮನಾಗುವವರು ಇದ್ದಾರೆ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಮನುಷ್ಯರ ರಿಪೋರ್ಟ್ ನೋಡಿ ನೋಡಿ ಬಂದ ಅಭ್ಯಾಸ ಅದು.

ದನದ ಮೂಳೆ ಮಜ್ಜೆಯಲ್ಲಿ ನ್ಯೂಟ್ರೋಫಿಲ್‌ಗಳ (ಸೋಂಕಿನ ಜಾಗಕ್ಕೆ ಮೊದಲು ಓಡುವ ಬಿಳಿ ಕಣಗಳು) ದಾಸ್ತಾನು ತೀರಾ ಕಡಿಮೆ. ಕೆಚ್ಚಲಿಗೋ ಗರ್ಭಕೋಶಕ್ಕೋ ಜೋರಾದ ಸೋಂಕು ತಗುಲಿದಾಗ ರಕ್ತದಲ್ಲಿದ್ದವೆಲ್ಲ ಅಲ್ಲಿಗೆ ಓಡುತ್ತವೆ, ಹಿಂದಿನಿಂದ ತುಂಬಲು ಬಲಿತ ಕಣಗಳು ಇರುವುದಿಲ್ಲ, ಹಾಗಾಗಿ ಮೊದಲ ಒಂದೆರಡು ದಿನ ಲೆಕ್ಕ ಬಿದ್ದೇ ಹೋಗುತ್ತದೆ. ಜೊತೆಗೆ ಇನ್ನೂ ಬಲಿಯದ ‘ಬ್ಯಾಂಡ್’ ಕಣಗಳು ಕಾಣುತ್ತವೆ. ಲೆಕ್ಕ ಏರುವುದು ಮೂರ್ನಾಲ್ಕು ದಿನದ ಮೇಲೆ. ಅಂದರೆ ಅದೇ 3,000ಕ್ಕೆ ಮೊದಲ ದಿನ ಒಂದು ಅರ್ಥ, ನಾಲ್ಕನೇ ದಿನವೂ ಅಷ್ಟೇ ಇದ್ದರೆ ಬೇರೆಯೇ ಅರ್ಥ. ನಾಲ್ಕನೇ ದಿನದ್ದು ಕೆಟ್ಟ ಸುದ್ದಿ.

ಅದಕ್ಕೇ ಸೂಜಿ ಹಿಡಿಯುವ ಮುಂಚೆ ಒಂದು ಚೀಟಿಯಲ್ಲಿ ಬರೆಯಿರಿ: ಕಾಯಿಲೆ ಎಷ್ಟನೇ ದಿನ, ಈದು ಎಷ್ಟು ದಿನ, ಲಸಿಕೆ ಯಾವಾಗ ಹಾಕಿದ್ದು, ಯಾವ ಔಷಧಿ ಕೊಟ್ಟಾಗಿದೆ. ಅದರ ಕೆಳಗೆ ನಿಮಗೆ ಗೊತ್ತಾಗಬೇಕಾದದ್ದು ಏನು ಅಂತ ಒಂದೇ ಸಾಲು. ಉರಿಯೂತ ಇದೆಯೇ? ರಕ್ತದಲ್ಲಿ ಪರೋಪಜೀವಿ ಇದೆಯೇ? ಕರುವಿಗೆ ತಾಯಿಯ ರಕ್ಷಣೆ ದಾಟಿದೆಯೇ? ಪ್ರಶ್ನೆ ಬದಲಾದರೆ ಟ್ಯೂಬೂ ಬದಲಾಗುತ್ತದೆ.

ನೇರಳೆ ಮುಚ್ಚಳದ್ದು ರಕ್ತಕಣಗಳ ಎಣಿಕೆಗೆ. ಕೆಂಪು ಮುಚ್ಚಳದ್ದು ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಅದರಲ್ಲಿ ನೋಡುವುದು ಆಂಟಿಬಾಡಿ (ರೋಗಾಣುವನ್ನು ಎದುರಿಸಲು ಮೈ ಮಾಡುವ ಪ್ರೋಟೀನ್), ಬೇರೆ ಪ್ರೋಟೀನ್, ಕ್ಯಾಲ್ಸಿಯಂ ಇತ್ಯಾದಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನ ಮಾತು ಆಮೇಲೆ. ರಕ್ತವನ್ನು ಪಶುವೈದ್ಯರೋ ಕೈ ಪಳಗಿದವರೋ ಕುತ್ತಿಗೆಯಿಂದ ಅಥವಾ ಬಾಲದ ಬುಡದಿಂದ ತೆಗೆಯಲಿ. ಹೊಟ್ಟೆಯ ಕೆಳಗೆ ದಪ್ಪಗೆ ಎದ್ದು ಕಾಣುವ ಹಾಲಿನ ನರ ಸುಲಭ ಅನಿಸುತ್ತದೆ, ಆದರೆ ಬೇಡ. ಕೆಚ್ಚಲು ತನಗೆ ಬೇಕಾದ್ದನ್ನು ಹೀರಿಕೊಂಡ ಮೇಲೆ ಬರುವ ರಕ್ತ ಅದು, ಕೀಟೋನ್ (ಮೈಕೊಬ್ಬು ಕರಗುವಾಗ ರಕ್ತಕ್ಕೆ ಸೇರುವ ವಸ್ತು) ಲೆಕ್ಕ ತಪ್ಪುತ್ತದೆ. ಹಸುವನ್ನು ಅಟ್ಟಾಡಿಸಿ ಹಿಡಿದು ತೆಗೆಯುವುದೂ ಬೇಡ. ಗಾಬರಿಯಾದ ದನದಲ್ಲಿ ಆ ಒತ್ತಡ ಗಂಟೆಗಟ್ಟಲೆ ಮುಂದುವರಿದರೆ ನ್ಯೂಟ್ರೋಫಿಲ್ ಏರುತ್ತದೆ, ಬಿಳಿ ಕಣಗಳಲ್ಲೇ ಬೇರೆ ಬಗೆಯವಾದ ಲಿಂಫೋಸೈಟ್ ಮತ್ತು ಇಯೋಸಿನೋಫಿಲ್ ಇಳಿಯುತ್ತವೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದ್ದರೂ ಇದೇ ಚಿತ್ರ, ಕರು ಹಾಕುವ ಹೊತ್ತಿನಲ್ಲೂ ಇದೇ. ಚೀಟಿಯಲ್ಲಿ ಬರೆದಿರದಿದ್ದರೆ ಇದನ್ನು ಸೋಂಕು ಅಂತ ಓದಿಬಿಡುತ್ತಾರೆ.

ನೇರಳೆ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬೇಡಿ, ಕೆಂಪು ಕಣ ಒಡೆದರೆ ಅರ್ಧ ಪರೀಕ್ಷೆಗಳು ಹಾಳು. ಸಾಧ್ಯವಾದರೆ ಅಲ್ಲೇ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಎಳೆದು ಒಣಗಿಸಿಬಿಡಿ. ಟ್ಯೂಬಿನಲ್ಲಿ ಹೊತ್ತು ಕಳೆದಷ್ಟೂ ಕಣಗಳ ರೂಪ ಕೆಡುತ್ತದೆ.

ಈಗ ಓದುವುದು. ಆರೋಗ್ಯವಾಗಿರುವ ದೊಡ್ಡ ದನದಲ್ಲಿ ಲಿಂಫೋಸೈಟ್ ಜಾಸ್ತಿ, ನ್ಯೂಟ್ರೋಫಿಲ್ ಅದರ ಅರ್ಧದಷ್ಟು. ಮನುಷ್ಯರಲ್ಲಿ ಇದು ಉಲ್ಟಾ, ಅಲ್ವಾ? ಆಗ ತಾನೇ ಹುಟ್ಟಿದ ಕರುವಿನಲ್ಲೂ ಉಲ್ಟಾನೇ, ಕೆಲವು ದಿನ ಕಳೆದ ಮೇಲೆ ತಾನಾಗಿ ದೊಡ್ಡವರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಟ್ಟು ಸಂಖ್ಯೆ ಸರಿ ಇದ್ದರೂ ನ್ಯೂಟ್ರೋಫಿಲ್ ಲಿಂಫೋಸೈಟನ್ನು ಮೀರಿದ್ದರೆ ನಿಂತು ನೋಡಬೇಕು.

ನನ್ನನ್ನು ಕೇಳಿದರೆ, ಉರಿಯೂತ ಇದೆಯೇ ಅಂತ ತಿಳಿಯಲು ದನದಲ್ಲಿ ಕಣಗಳ ಎಣಿಕೆಗಿಂತ ನಂಬಬಹುದಾದದ್ದು ಪ್ರೋಟೀನ್‌ಗಳು. ಮನುಷ್ಯರಿಗೆ ನೋಡುವ ಸಿಆರ್‌ಪಿ ಎಂಬ ಪ್ರೋಟೀನ್ ಇಲ್ಲಿ ಕೆಲಸಕ್ಕೆ ಬಾರದು. ಹ್ಯಾಪ್ಟೊಗ್ಲೋಬಿನ್ ನೋಡಿಸಿ. ಆರೋಗ್ಯವಾಗಿರುವ ಹಸುವಿನಲ್ಲಿ ಅದು ಇದ್ದೂ ಇಲ್ಲದ ಹಾಗೆ ಇರುತ್ತದೆ, ಉರಿಯೂತ ಬಂದರೆ ಒಂದೆರಡು ದಿನದಲ್ಲಿ ನೂರು ಪಟ್ಟಿಗೂ ಮೀರಿ ಏರಬಹುದು. ಈದ ಮೊದಲ ವಾರ ಏನೂ ರೋಗವಿಲ್ಲದೆಯೂ ತುಸು ಏರುತ್ತದೆ ಅನ್ನುವುದು ನೆನಪಿರಲಿ. ಆ ಪರೀಕ್ಷೆ ಸಿಗದಿದ್ದರೆ ಫೈಬ್ರಿನೋಜೆನ್ ಸಾಕು: ಡೆಸಿಲೀಟರ್‌ಗೆ 300ರಿಂದ 700 ಮಿಲಿಗ್ರಾಂ ಸಹಜ, 1,000 ದಾಟಿದರೆ ಒಳಗೆ ಎಲ್ಲೋ ಜೋರಾಗಿಯೇ ಹೊತ್ತಿಕೊಂಡಿದೆ. ಇದನ್ನು ಕೆಂಪು ಟ್ಯೂಬಿನಲ್ಲಿ ಕಳಿಸಬೇಡಿ, ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನೋಜೆನ್ ಅದರಲ್ಲೇ ಖರ್ಚಾಗಿರುತ್ತದೆ. ನೀರಿನಂಶ ಕಳೆದುಕೊಂಡ ದನದಲ್ಲಿ ಉರಿಯೂತ ಇಲ್ಲದೆಯೂ ಫೈಬ್ರಿನೋಜೆನ್ ಜಾಸ್ತಿ ಕಾಣಬಹುದು, ಆದರೆ ಆಗ ಒಟ್ಟು ಪ್ರೋಟೀನ್ ಕೂಡ ಜೊತೆಗೇ ಏರಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇನ್ನು ರಕ್ತದ ಪ್ರೋಟೀನ್‌ಗಳಲ್ಲಿ ಆಲ್ಬುಮಿನ್ ಇಳಿದು ಗ್ಲಾಬ್ಯುಲಿನ್ (ಆಂಟಿಬಾಡಿಗಳು ಸೇರುವ ಗುಂಪು) ಏರಿದ್ದರೆ ಕಾಯಿಲೆ ನಿನ್ನೆ ಮೊನ್ನೆಯದಲ್ಲ. ಮೇವಿನ ಜೊತೆ ತಂತಿ ನುಂಗಿ ಹೊಟ್ಟೆಯೊಳಗೆ ಕೀವಾದದ್ದು, ಯಕೃತ್ತಿನಲ್ಲಿ ಕೀವಿನ ಗಂಟು, ಹೀಗೆ ಹಳೆಯದೇನೋ ಇರುತ್ತದೆ.

ಬಬೇಸಿಯಾ, ಅನಾಪ್ಲಾಸ್ಮಾ, ಥೈಲೇರಿಯಾ ಎಂಬ ರೋಗಗಳನ್ನು ಹರಡುವ ಉಣ್ಣೆ (ಉಣುಗು) ಕಾಟ ಇರುವ ಕಡೆ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮತ್ತು ಸ್ಲೈಡ್ ಎರಡೂ ಬೇಕು. ಪಿಸಿವಿ ದೊಡ್ಡ ದನಕ್ಕೆ ಶೇಕಡಾ 24ರಿಂದ 46. ಬಬೇಸಿಯಾದಲ್ಲಿ ಕೆಂಪು ಕಣ ರಕ್ತನಾಳದೊಳಗೇ ಒಡೆಯುವುದರಿಂದ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಅನಾಪ್ಲಾಸ್ಮಾದಲ್ಲಿ ಹಾಗಾಗುವುದಿಲ್ಲ, ರಕ್ತ ಕಡಿಮೆಯಾಗಿ ಕಣ್ಣು ಬಿಳಿಚಿ, ಆಮೇಲೆ ಹಳದಿಯಾಗುತ್ತದೆ. ಥೈಲೇರಿಯಾದಲ್ಲಿ ಭುಜದ ಮುಂದಿನ ಗ್ರಂಥಿ ಊದಿದ್ದರೆ ಅದರ ನೀರನ್ನೂ ಸ್ಲೈಡ್ ಮಾಡಿಸಿ. ಒಂದು ಎಚ್ಚರಿಕೆ: ವಾಸಿಯಾದ ದನದ ರಕ್ತದಲ್ಲಿ ಥೈಲೇರಿಯಾ ಅಲ್ಲೊಂದು ಇಲ್ಲೊಂದು ಉಳಿದುಕೊಳ್ಳುತ್ತದೆ. ಪಿಸಿವಿ ಸರಿ ಇದೆ, ಜ್ವರ ಇಲ್ಲ, ಸ್ಲೈಡಿನಲ್ಲಿ ಎರಡು ಚುಕ್ಕೆ ಕಂಡಿತು ಅಂತ ಔಷಧಿ ಸುರಿಯುವುದು ಸುಮ್ನೆ ದುಡ್ಡು ದಂಡ.

ಕರುವಿನ ವಿಷಯದಲ್ಲಿ ರಕ್ತ ಪರೀಕ್ಷೆ ಅಗ್ಗ, ಸುಲಭ, ಆದರೂ ಮಾಡಿಸುವವರು ಕಡಿಮೆ. ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ಆಂಟಿಬಾಡಿ ದಾಟುವುದಿಲ್ಲ. ಎಲ್ಲವೂ ಗಿಣ್ಣು ಹಾಲಿನಿಂದಲೇ, ಅದೂ ಮೊದಲ ದಿನದೊಳಗೆ. ದಾಟಿದೆಯೋ ಇಲ್ಲವೋ ಅಂತ ನೋಡಲು, ಹುಟ್ಟಿ 24 ಗಂಟೆ ಆದ ಮೇಲೆ ಒಂದು ವಾರದೊಳಗೆ ರಕ್ತ ತೆಗೆದು, ಸೀರಮ್ಮಿನ ಒಂದು ಹನಿಯನ್ನು ರಿಫ್ರ್ಯಾಕ್ಟೋಮೀಟರಿಗೆ (ಬೆಳಕು ಬಾಗುವುದನ್ನು ನೋಡಿ ಅಳೆಯುವ ಕೈ ಉಪಕರಣ) ಹಾಕಿ. ಒಟ್ಟು ಪ್ರೋಟೀನ್ ಡೆಸಿಲೀಟರ್‌ಗೆ 6.2 ಗ್ರಾಂ ಅಥವಾ ಜಾಸ್ತಿ ಇದ್ದರೆ ತುಂಬಾ ಚೆನ್ನಾಗಿದೆ, 5.1ಕ್ಕಿಂತ ಕಡಿಮೆ ಇದ್ದರೆ ರಕ್ಷಣೆ ದಾಟಿಲ್ಲ. ನಿಮ್ಮದು ಬ್ರಿಕ್ಸ್ ಅಳೆಯುವ ಉಪಕರಣವಾದರೆ ಇದೇ ಗೆರೆಗಳು 9.4 ಮತ್ತು 8.1. ಭೇದಿಯಾಗಿ ಒಣಗಿದ ಕರುವಿನಲ್ಲಿ ಈ ಸಂಖ್ಯೆ ಸುಳ್ಳೇ ಚೆನ್ನಾಗಿ ಕಾಣುತ್ತದೆ, ಆರೋಗ್ಯವಾಗಿರುವ ಕರುಗಳನ್ನೇ ಅಳೆಯಿರಿ. ಒಂದು ಕರು ಕಡಿಮೆ ಬಂದರೆ ಅದು ಆ ಕರುವಿನ ಕಥೆ. ಹತ್ತು ಹನ್ನೆರಡರಲ್ಲಿ ಮೂರ್ನಾಲ್ಕು ಹಾಗೆ ಬಂದರೆ ಕೊಟ್ಟಿಗೆಯಲ್ಲಿ ಗಿಣ್ಣು ಕುಡಿಸುವ ಹೊತ್ತೋ ಅಳತೆಯೋ ತಪ್ಪುತ್ತಿದೆ.

ಈದ ಹಸುವಿನ ರೋಗ ನಿರೋಧಕ ಶಕ್ತಿ ಹೇಗಿದೆ ಅಂತ ನೇರವಾಗಿ ಅಳೆಯುವ ಪರೀಕ್ಷೆ ಕೊಟ್ಟಿಗೆಯ ಮಟ್ಟಕ್ಕೆ ಸಿಗುವುದಿಲ್ಲ, ಆದರೆ ಅದನ್ನು ಕುಗ್ಗಿಸುವ ಎರಡು ಕಾರಣಗಳನ್ನು ಅಳೆಯಬಹುದು. ಈದು 3ರಿಂದ 14 ದಿನದ ನಡುವೆ ಕೀಟೋನ್, ಅಂದರೆ ಬಿಎಚ್‌ಬಿ, ಲೀಟರ್‌ಗೆ 1.2 ಮಿಲಿಮೋಲ್ ಮುಟ್ಟಿದರೆ ಹೊರಗೆ ಏನೂ ಕಾಣದಿದ್ದರೂ ಕೀಟೋಸಿಸ್ ಶುರುವಾಗಿದೆ. ಈದ ಹೊಸತರಲ್ಲಿ ಕ್ಯಾಲ್ಸಿಯಂ ಡೆಸಿಲೀಟರ್‌ಗೆ 8 ಮಿಲಿಗ್ರಾಂಗಿಂತ ಕೆಳಗಿದ್ದರೆ, ಹೊರಗೆ ಏನೂ ಕಾಣದಿದ್ದರೂ ಕ್ಯಾಲ್ಸಿಯಂ ಕೊರತೆ ಇದೆ. ಇಂಥ ಹಸುಗಳಲ್ಲಿ ಬಿಳಿ ಕಣಗಳ ಕೆಲಸ ಮಂದವಾಗುತ್ತದೆ, ಕಸ (ಮಾಸು) ಬೀಳದೆ ಉಳಿಯುವುದು, ಗರ್ಭಕೋಶದ ಸೋಂಕು, ಕೆಚ್ಚಲು ಬಾವು ಎಲ್ಲಾ ಒಂದರ ಹಿಂದೆ ಒಂದು ಬರುತ್ತವೆ.

ಆಂಟಿಬಾಡಿ ಪರೀಕ್ಷೆಯಲ್ಲೇ ಜನ ಜಾಸ್ತಿ ಎಡವುವುದು. ‘ಪಾಸಿಟಿವ್’ ಅಂದರೆ ಈಗ ರೋಗ ಇದೆ ಅಂತಲ್ಲ. ಹಿಂದೆಂದೋ ಬಂದು ಹೋಗಿರಬಹುದು, ಲಸಿಕೆಯದಾಗಿರಬಹುದು, ಕರುವಾದರೆ ತಾಯಿಯದೇ ಇನ್ನೂ ಉಳಿದಿರಬಹುದು. ಈಗಿನ ಸೋಂಕು ಹೌದೇ ಅಂತ ತಿಳಿಯಲು ಕಾಯಿಲೆ ಶುರುವಾದಾಗ ಒಂದು ಸಲ, ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ರಕ್ತ ತೆಗೆದು ಎರಡನ್ನೂ ಒಟ್ಟಿಗೇ ಪರೀಕ್ಷೆ ಮಾಡಿಸಬೇಕು. ನಾಲ್ಕು ಪಟ್ಟು ಏರಿದ್ದರೆ ಹೌದು. ಕಾಲುಬಾಯಿ ಜ್ವರಕ್ಕೆ ಬೇರೆ ಅನುಕೂಲವಿದೆ: ಶುದ್ಧೀಕರಿಸಿದ ಲಸಿಕೆ ಹಾಕಿದ ದನದಲ್ಲಿ ಎನ್‌ಎಸ್‌ಪಿ (ವೈರಸ್ ಮೈಯೊಳಗೆ ಬೆಳೆಯುವಾಗ ಮಾಡುವ ಪ್ರೋಟೀನ್‌ಗಳು) ವಿರುದ್ಧದ ಆಂಟಿಬಾಡಿ ಸಾಮಾನ್ಯವಾಗಿ ಹುಟ್ಟುವುದಿಲ್ಲ, ನಿಜವಾಗಿ ವೈರಸ್ ತಗುಲಿದ್ದರೆ ಹುಟ್ಟುತ್ತದೆ.

ಕ್ಷಯ ಮಾತ್ರ ಆಂಟಿಬಾಡಿಗೆ ಸುಲಭವಾಗಿ ಸಿಗುವುದಿಲ್ಲ, ಅಲ್ಲಿ ಹೋರಾಡುವುದು ಜೀವಕೋಶಗಳು. ಹಸಿರು ಟ್ಯೂಬು ಬೇಕಾಗುವುದು ಇಲ್ಲಿ. ಲ್ಯಾಬಿನಲ್ಲಿ ಆ ರಕ್ತಕ್ಕೆ ಕ್ಷಯದ ಪ್ರೋಟೀನ್ ಬೆರೆಸಿ, ಜೀವಕೋಶಗಳು ಗಾಮಾ ಇಂಟರ್‌ಫೆರಾನ್ (ರಕ್ಷಣಾ ಕೋಶಗಳು ಬಿಡುವ ಸಂದೇಶದ ಪ್ರೋಟೀನ್) ಬಿಡುತ್ತವೆಯೇ ಅಂತ ನೋಡುತ್ತಾರೆ. ಸತ್ತ ಕೋಶ ಏನೂ ಬಿಡುವುದಿಲ್ಲ. ಹಾಗಾಗಿ ಐಸ್ ಮೇಲೆ ಇಡುವಂತಿಲ್ಲ, ಬಿಸಿಲಿಗೂ ಬಿಡುವಂತಿಲ್ಲ, ಒಂದು ದಿನದೊಳಗೆ ಲ್ಯಾಬ್ ಸೇರಬೇಕು.

ಕೊನೆಗೆ ಬಿವಿಡಿ, ಅಂದರೆ ದನಗಳಿಗೆ ಭೇದಿ ತರುವ ಒಂದು ವೈರಸ್. ಗಬ್ಬದ ಮೊದಲ ನಾಲ್ಕು ತಿಂಗಳಲ್ಲಿ ಇದು ತಗುಲಿದರೆ ಹೊಟ್ಟೆಯ ಕರು ಅದನ್ನು ತನ್ನದೇ ಅಂತ ಒಪ್ಪಿಕೊಂಡುಬಿಡಬಹುದು. ಹುಟ್ಟಿದ ಮೇಲೆ ಜೀವನವಿಡೀ ವೈರಸ್ ಚೆಲ್ಲುತ್ತಿರುತ್ತದೆ, ಅದರ ವಿರುದ್ಧ ಆಂಟಿಬಾಡಿ ಮಾಡುವುದೇ ಇಲ್ಲ. ಆಂಟಿಬಾಡಿ ನೆಗೆಟಿವ್ ಅಂತ ಬಂದ ರಿಪೋರ್ಟ್ ಹಿಡಿದು ನೆಮ್ಮದಿಯಾಗಿ ಕೂರಬೇಡಿ, ಅದೇ ರಕ್ತದಲ್ಲಿ ವೈರಸ್ಸಿನ ಆಂಟಿಜೆನ್ (ವೈರಸ್ಸಿನದೇ ಪ್ರೋಟೀನ್) ಕೂಡ ನೋಡಿಸಿ. ಅದು ಪಾಸಿಟಿವ್ ಬಂದರೆ ಕರುವನ್ನು ಬೇರೆ ಕಟ್ಟಿ ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಪಾಸಿಟಿವ್ ಇದ್ದರೆ, ಹಿಂಡಿಗೆ ರೋಗ ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಯಿತು.