ಬಾಗಿಲಿಗೊಂದು ಕುಂಬಳ, ಬಾಣಲೆಗೊಂದು ಕುಂಬಳ

ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ಕುಂಬಳಕಾಯಿಗೆ ಮುಖ ಕೆತ್ತಿ ಒಳಗೆ ದೀಪ ಇಡೋ ಹಬ್ಬ. ಅದಕ್ಕೇ ಅಕ್ಟೋಬರ್ ಬಂತಂದ್ರೆ ಹಾಫ್ ಮೂನ್ ಬೇ ಕಡೆ ಹೋಗೋದು ನಮ್ಮನೇಲಿ ಖಾಯಂ. ಕ್ಯಾಲಿಫೋರ್ನಿಯಾದ ಈ ಕಡಲೂರಿಗೆ ಹೋಗೋ ಹೈವೇ 92ರ ಅಕ್ಕಪಕ್ಕ ಹೊಲದ ತುಂಬ ಕೇಸರಿ ಬಣ್ಣದ ಕುಂಬಳಕಾಯಿಗಳು, ಪ್ರತಿ ವರ್ಷ ತೂಕದ ಸ್ಪರ್ಧೆನೂ ಇರುತ್ತೆ, 2023ರಲ್ಲಿ ಮಿನ್ನೆಸೋಟದಿಂದ ಬಂದ ಒಂದು ಕಾಯಿ 2,749 ಪೌಂಡ್ ತೂಗಿ ಆಗಿನ ವಿಶ್ವದಾಖಲೆ ಮಾಡ್ತು, ಅಂದ್ರೆ ಹನ್ನೆರಡು ಕ್ವಿಂಟಾಲ್ ಮೇಲೇ!

ಮೊದಲನೇ ವರ್ಷ ನಾನು ಮಾಡಿದ ತಪ್ಪು ಹೇಳ್ಬೇಕು. ಮುಖ ಕೆತ್ತೋಕೆ ಅಂತ ತಂದ ದೊಡ್ಡ ಕಾಯಿದೇ ತಿರುಳು ತಗೊಂಡು ಗಾರಿಗೆ ಮಾಡೋಕೆ ಹೋದೆ. ಬರೀ ನೀರು, ನಾರು, ಸಿಹಿನೇ ಇಲ್ಲ, ಹಿಟ್ಟು ಎಷ್ಟು ಹಾಕಿದ್ರೂ ಗಟ್ಟಿ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಅಡುಗೆಗೆ ಶುಗರ್ ಪೈ ಅಂತ ಚಿಕ್ಕ ಕಾಯಿ ಬೇರೇನೇ ಸಿಗುತ್ತೆ ಅಂತ. ಈಗ ಎರಡೂ ತರ್ತೀನಿ.

ಕೆತ್ತೋದನ್ನ 31ಕ್ಕೆ ಎರಡ್ಮೂರು ದಿನ ಮುಂಚೆ ಅಷ್ಟೇ ಮಾಡಿ, ಇಲ್ಲಿ ಬಿಸಿಲು ಇನ್ನೂ ಇರುತ್ತೆ, ಬೇಗ ಬೂಷ್ಟು ಹಿಡಿಯುತ್ತೆ. ತೊಟ್ಟಿನ ಹತ್ರ ಕೊರೆಯೋ ಬದಲು ನಾನು ತಳದಲ್ಲಿ ಕೊರೀತೀನಿ, ದೀಪದ ಮೇಲೆ ಕಾಯಿನ ಹಾಗೇ ಬೋರಲು ಇಟ್ರೆ ಆಯ್ತು. ಒಳಗಡೆ ಗಟ್ಟಿ ಸೌಟಲ್ಲಿ ಕೆರೆದು ಗೋಡೆ ಒಂದಿಂಚು ದಪ್ಪ ಉಳಿಸ್ತೀನಿ. ಐರ್ಲೆಂಡಲ್ಲಿ ಟರ್ನಿಪ್ ಗಡ್ಡೆ ಕೆತ್ತಿ ದೀಪ ಇಡ್ತಿದ್ರಂತೆ, ಅಲ್ಲಿಂದ ವಲಸೆ ಬಂದೋರಿಗೆ ಇಲ್ಲಿ ಕುಂಬಳಕಾಯಿ ಸಿಕ್ತು. ಬಂದ ಊರಲ್ಲಿ ಸಿಕ್ಕಿದ್ದರಲ್ಲೇ ಹಬ್ಬ ಮಾಡ್ಕೊಂಡ್ರಲ್ಲ, ಅದು ನಂಗೆ ತುಂಬ ಹತ್ರ ಅನ್ಸುತ್ತೆ.

ಬೀಜ ಯಾವ ಕಾಯಿದಾದ್ರೂ ಬಿಸಾಡ್ಬೇಡಿ. ತೊಳೆದು, ಬಟ್ಟೆ ಮೇಲೆ ರಾತ್ರಿ ಪೂರ್ತಿ ಒಣಗಿಸಿ, ಎಣ್ಣೆ ಉಪ್ಪು ಖಾರದಪುಡಿ ಇಂಗು ಹಚ್ಚಿ ಓವನ್ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟಲ್ಲಿ ಹದಿನೈದಿಪ್ಪತ್ತು ನಿಮಿಷ, ಮಧ್ಯ ಒಂದ್ಸಲ ಕೈಯಾಡಿಸಿ.

ಇನ್ನು ಗಾರಿಗೆ. ನಮ್ಮ ಧಾರವಾಡದ ಕಡೆ ಈ ಸಿಹಿ ಇಲ್ಲದೆ ಹಬ್ಬ ಹಬ್ಬ ಅನ್ಸಲ್ಲ ನಂಗೆ. ಶುಗರ್ ಪೈ ಸಿಪ್ಪೆ ತೆಗೆದು ತುರಿದು, ಎರಡು ಕಪ್ ತುರಿಗೆ ಒಂದು ಕಪ್ ಬೆಲ್ಲ ಹಾಕಿ ಸಣ್ಣ ಉರೀಲಿ ಹಸಿ ವಾಸನೆ ಹೋಗೋವರೆಗೂ ಬೇಯಿಸಿ. ಒಂದು ಹನಿ ನೀರೂ ಬೇಡ. ಪೂರ್ತಿ ಆರಿದ ಮೇಲೆ ಏಲಕ್ಕಿ, ಒಂದು ಮುಷ್ಟಿ ಚಿರೋಟಿ ರವೆ, ಆಮೇಲೆ ಹಿಡಿಯೋವಷ್ಟೇ ಗೋಧಿಹಿಟ್ಟು, ಬಿಸಿ ಇದ್ದಾಗ ಕಲಸಿದ್ರೆ ಹಿಟ್ಟು ಜಾಸ್ತಿ ಕುಡಿದು ಗಾರಿಗೆ ಕಲ್ಲಾಗುತ್ತೆ. ಗಸಗಸೆ ಮೇಲೆ ಒತ್ತಿ ತಟ್ಟಿ ಮಧ್ಯಮ ಉರೀಲಿ ಕರೀರಿ, ಉರಿ ಜೋರಾದ್ರೆ ಬೆಲ್ಲ ಸೀದು ಒಳಗೆ ಹಸಿ ಉಳಿಯುತ್ತೆ. ಹ್ಯಾಲೋವೀನ್ ರಾತ್ರಿ ಮಕ್ಕಳು ಮನೆಮನೆ ಸುತ್ತಿ ಚಾಕಲೇಟ್ ಚೀಲ ಹಿಡ್ಕೊಂಡು ಬರೋ ಹೊತ್ತಿಗೆ ಮನೆ ತುಂಬ ಬೆಲ್ಲದ ಘಮ.

ಕೆತ್ತಿದ ಕಾಯಿನ ನವೆಂಬರಲ್ಲಿ ತುಂಡು ಮಾಡಿ ಹಿತ್ತಲಲ್ಲಿ ಹೂತುಬಿಡ್ತೀನಿ. ಹೋದ ವರ್ಷ ಒಳಗೆ ಅಂಟಿದ್ದ ಯಾವುದೋ ಬೀಜ ಮೊಳೆತು ಬೇಲಿ ಮೇಲೆಲ್ಲ ಬಳ್ಳಿ ಹಬ್ಬಿತ್ತು, ಬೇಸಿಗೇಲಿ ಎರಡು ಸಲ ಕುಂಬಳ ಹೂವಿನ ಬಜ್ಜಿ ಮಾಡಿದ್ವಿ.