ಎಫೆಸಸ್‌ನ ಹೂಳು

ಬಂದರಿನ ಗೇಟಿನ ಹೊರಗೆ ಹತ್ತಿಪ್ಪತ್ತು ಜನ ಬೋರ್ಡು ಹಿಡಿದು ನಿಂತಿದ್ದರು. ಒಂದರ ಮೇಲೂ ನನ್ನ ಹೆಸರಿಲ್ಲ. ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಭಾವ ಆಗಲೇ, "ದುಡ್ಡು ಮುಂಚೇನೇ ಕೊಟ್ಟಿಲ್ಲ ತಾನೇ?" ಅಂತ ಶುರು ಮಾಡಿದ್ದರು. ಕೊನೆಗೆ ನನ್ನ ಹೆಂಡತಿ ನನ್ನ ತೋಳು ಎಳೆದಳು. "ರೀ, ಅಲ್ನೋಡಿ, ಕೆರಗೋಡು ಅಂತ ಬರೆದವ್ರೆ."

ನಿಜ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಡಬಾರದು ಅಂತ ಯಾರೋ ಹೇಳಿದ್ದಕ್ಕೆ ಊರಿನ ಹೆಸರು ತುಂಬಿಸಿದ್ದೆ. ಟರ್ಕಿಯ ಕುಶಾದಾಸಿ ಬಂದರಿನಲ್ಲಿ ಒಬ್ಬ ಹೆಣ್ಣುಮಗಳು ಮಂಡ್ಯ ತಾಲ್ಲೂಕಿನ ನಮ್ಮೂರಿನ ಹೆಸರನ್ನು ಎದೆಗೆ ಆನಿಸಿಕೊಂಡು ಕಾಯುತ್ತಿದ್ದಳು, ನಾನು ಅವಳ ಮುಂದೆಯೇ ಎರಡು ಸಲ ಹಾದುಹೋಗಿದ್ದೆ. ಖಾಸಗಿ ಗೈಡ್ ಗೊತ್ತು ಮಾಡುವವರು ಬೋರ್ಡಿನಲ್ಲಿ ಏನು ಬರೆಯುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ನಮಗೆ ಆ ಇಪ್ಪತ್ತು ನಿಮಿಷ ಆಮೇಲೆ ಬೇಕಾಗಿತ್ತು.

ನಾನು ನೀರಾವರಿ ಇಲಾಖೆಯಲ್ಲಿದ್ದವನು. ಹೆಚ್ಚಿನ ಸರ್ವಿಸ್ ವಿ.ಸಿ. ನಾಲೆಯ, ಅಂದರೆ ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆಯ, ಮೇಲೆಯೇ ಕಳೆಯಿತು. ನಿವೃತ್ತಿಯಾದ ಮೇಲೆ ನಾವಿಬ್ಬರು, ಮೈಸೂರಿನಿಂದ ಅಕ್ಕ, ಭಾವ, ಹೀಗೆ ನಾಲ್ವರು ಒಂದು ವಾರದ ಗ್ರೀಸ್-ಟರ್ಕಿ ಹಡಗಿನ ಪ್ರವಾಸಕ್ಕೆ ಹೊರಟೆವು. ಸೆಪ್ಟೆಂಬರ್ ತಿಂಗಳು, ಮೈಸೂರಿನಲ್ಲಿ ದಸರಾ ಆನೆಗಳ ತಾಲೀಮು ನಡೆಯುತ್ತಿತ್ತು. ಅಕ್ಕನಿಗೆ ಅದನ್ನು ಬಿಟ್ಟು ಬರುವುದೇ ಬೇಜಾರು.

ಹಡಗು ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಹೊರಡುತ್ತದೆ, ರಾತ್ರಿ ಓಡುತ್ತದೆ, ಬೆಳಿಗ್ಗೆ ಒಂದು ಊರಲ್ಲಿ ಕಟ್ಟಿಹಾಕುತ್ತದೆ. ನಿಮಗೆ ಸಿಗುವುದು ಏಳೆಂಟು ಗಂಟೆ. ಇಳಿದು ಊರು ನೋಡಲು ಹಡಗಿನವರೇ ಬಸ್ ಇಟ್ಟಿರುತ್ತಾರೆ. ಬೇಡವೆಂದರೆ ನಾವೇ ಗೈಡ್, ಗಾಡಿ ಗೊತ್ತು ಮಾಡಿಕೊಳ್ಳಬಹುದು. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಹಡಗಿನ ಬಸ್ ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಗಾಡಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಹತ್ತಿಕೊಳ್ಳಬೇಕು.

ಈ ಹೆದರಿಕೆಯಿಂದಲೇ ರೋಡ್ಸ್ ದ್ವೀಪದಲ್ಲಿ ಹಡಗಿನ ಬಸ್ಸನ್ನೇ ಹತ್ತಿದ್ದೆವು. ಲಿಂಡೋಸ್ ಎಂಬ ಬೆಟ್ಟದೂರು, ಮೇಲೆ ಅಥೀನಾ ದೇವಿಯ ಗುಡಿಯ ಅವಶೇಷ. ನಲವತ್ತು ಜನ, ಕಿವಿಗೆ ಇಯರ್‌ಫೋನ್, ಮುಂದೆ ನಂಬರ್ ಬರೆದ ಕೋಲು ಎತ್ತಿಕೊಂಡ ಗೈಡ್. ಕಂಬಗಳ ಹತ್ತಿರ ಹತ್ತು ನಿಮಿಷ, ಕೆಳಗೆ ಪಿಂಗಾಣಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ನಮ್ಮ ಮೈಸೂರಿನಲ್ಲೂ ಅರಮನೆ ನೋಡಲು ಬಂದವರನ್ನು ಸಿಲ್ಕ್ ಸೀರೆ, ಗಂಧದೆಣ್ಣೆ ಅಂಗಡಿಗಳ ಮೆಟ್ಟಿಲು ಹತ್ತಿಸುವುದನ್ನು ಕಂಡವರೇ ನಾವು, ಆಶ್ಚರ್ಯವೇನೂ ಆಗಲಿಲ್ಲ. ಆದರೆ ಎಫೆಸಸ್, ಟರ್ಕಿಯಲ್ಲಿರುವ ಆ ಹಳೆಯ ರೋಮನ್ ಬಂದರು ಪಟ್ಟಣ, ಹಾಗಾಗಬಾರದಿತ್ತು. ಅದಕ್ಕೆ ಊರಿಂದಲೇ ಗೈಡ್ ಗೊತ್ತು ಮಾಡಿದ್ದೆ.

ಮಾಡಿದ್ದು ಇಷ್ಟು. ಟರ್ಕಿಯಲ್ಲಿ ಲೈಸೆನ್ಸ್ ಇಲ್ಲದೆ ಗೈಡ್ ಕೆಲಸ ಮಾಡುವ ಹಾಗಿಲ್ಲ. ಲೈಸೆನ್ಸ್ ಇದ್ದವರು ಕೊರಳಿಗೆ ಕಾರ್ಡ್ ಹಾಕಿಕೊಂಡಿರುತ್ತಾರೆ. ಅಂಥವರಲ್ಲಿ ಮೂವರಿಗೆ ಮೇಲ್ ಹಾಕಿದೆ. ಮೂರು ಮಾತು ಸ್ಪಷ್ಟವಾಗಿ ಬರೆದೆ: ಕಾರ್ಪೆಟ್ ಅಂಗಡಿ, ಚರ್ಮದ ಅಂಗಡಿ ಬೇಡವೇ ಬೇಡ. ಒಬ್ಬರಿಗೆ ಮಂಡಿ ನೋವು. ನನಗೆ ಶಿಲ್ಪಕ್ಕಿಂತ ಆ ಊರಿಗೆ ನೀರು ಹೇಗೆ ಬರುತ್ತಿತ್ತು, ಹೇಗೆ ಹೋಗುತ್ತಿತ್ತು, ಬಂದರು ಯಾಕೆ ಹಾಳಾಯಿತು ಅನ್ನುವುದು ಬೇಕು. ಇಬ್ಬರು ಅಚ್ಚು ಹಾಕಿದ ಉತ್ತರ ಕಳಿಸಿದರು. ಒಬ್ಬಳು ಮಾತ್ರ, "ನೀವು ಇಂಜಿನಿಯರಾ?" ಅಂತ ಬರೆದಳು. ಅವಳನ್ನೇ ಹಿಡಿದೆ. ಹಡಗು ಬಂದರಿಗೆ ಬರದಿದ್ದರೆ ಹಣ ಕೊಡಬೇಕಿಲ್ಲ, ಬಂದರೆ ಎಲ್ಲ ಮುಗಿದ ಮೇಲೆ ಯೂರೋ ನೋಟಿನಲ್ಲಿ ಕೊಡುವುದು ಅಂತ ಮಾತಾಯಿತು. ನಾಲ್ವರಿಗೆ ಹಂಚಿದಾಗ ಹಡಗಿನ ಬಸ್ಸಿಗಿಂತ ಹೆಚ್ಚೇನೂ ಬೀಳಲಿಲ್ಲ. ಇಬ್ಬರೇ ಆಗಿದ್ದರೆ ದುಬಾರಿಯೇ.

ವೀಸಾ ಬಗ್ಗೆ ಒಂದು ಮಾತು. ಹಡಗು ಗ್ರೀಸ್ ಬಿಟ್ಟು ಟರ್ಕಿಗೆ ಹೋಗಿ ಮತ್ತೆ ಗ್ರೀಸಿಗೆ ಬರುವುದರಿಂದ ಗ್ರೀಸಿಗೆ ಬೇಕಾದ ಶೆಂಗೆನ್ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅವಕಾಶ ಇರಲೇಬೇಕು. ಇನ್ನೊಂದು, ಟರ್ಕಿಯವರು ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ, ಗ್ರೀಸಿನವರು ಚಳಿಗಾಲಕ್ಕೆ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ನಾವು ಹೋದಾಗ ಎರಡೂ ಒಂದೇ ಇತ್ತು. ನವೆಂಬರಿನಲ್ಲಿ ಹೋಗುವವರು ಗೈಡ್ ಜೊತೆ ಮಾತಾಡುವಾಗ ಹಡಗಿನ ಗಂಟೆಯೋ ಊರಿನ ಗಂಟೆಯೋ ಅಂತ ಕೇಳಿಕೊಳ್ಳಲಿ.

ಕುಶಾದಾಸಿಯಿಂದ ಎಫೆಸಸ್ಸಿಗೆ ಸುಮಾರು 20 ಕಿಲೋಮೀಟರ್. ಅವಶೇಷಗಳಿಗೆ ಮೇಲೊಂದು ಗೇಟು, ಕೆಳಗೊಂದು ಗೇಟು. ಮೇಲೆ ಇಳಿಸಿ ಗಾಡಿ ಕೆಳಗಿನ ಗೇಟಿಗೆ ಹೋಗಿ ಕಾಯುತ್ತದೆ, ನಾವು ಇಳಿಜಾರಿನಲ್ಲಿ ನಡೆದು ಬರುವುದು. ಭಾವನ ಮಂಡಿಗೆ ಇದೇ ಸರಿ. ಆದರೆ ಕಾಲಡಿ ಇರುವುದು ಅಮೃತಶಿಲೆ, ಶತಮಾನಗಳು ತುಳಿದು ನುಣುಪಾದದ್ದು. ನನ್ನ ಹೆಂಡತಿಯ ಚಪ್ಪಲಿ ಎರಡು ಸಲ ಜಾರಿತು. ಹಿಡಿತ ಇರುವ ಶೂ, ಟೋಪಿ, ನೀರಿನ ಬಾಟಲಿ ಇರಲಿ. ನೆರಳು ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಒಳಗೆ ಹೋದ ಹತ್ತು ನಿಮಿಷಕ್ಕೇ ನಮ್ಮ ಗೈಡ್ ಹುಡುಗಿ ದಾರಿ ಬಿಟ್ಟು ಪಕ್ಕಕ್ಕೆ ಕರೆದಳು. ಅಲ್ಲಿ ನೋಡಲು ಏನೂ ಇಲ್ಲ ಅಂತ ಬಸ್ಸಿನ ಗುಂಪುಗಳು ಮುಂದೆ ಹೋಗುತ್ತಿದ್ದವು. ಅಲ್ಲಿದ್ದದ್ದು ಮಣ್ಣಿನ ಪೈಪುಗಳು. ಸುಟ್ಟ ಮಣ್ಣಿನವು, ಒಂದರ ಕಿರಿದಾದ ಬಾಯಿ ಇನ್ನೊಂದರ ಅಗಲ ಬಾಯೊಳಗೆ ಕೂರುವಂತೆ ಮಾಡಿದ್ದು. ಈಗಿನ ಸ್ಟೋನ್‌ವೇರ್ ಪೈಪಿನ ಜೋಡಣೆಯೇ. ಒಡೆದ ಒಂದರ ಒಳಗೆ ಇಣುಕಿ ನೋಡಿದೆ. ಒಳಗೋಡೆಗೆ ಬೆರಳಿನಷ್ಟು ದಪ್ಪ ಸುಣ್ಣ ಪದರಪದರವಾಗಿ ಕಟ್ಟಿ, ನೀರು ಹೋಗುವ ದಾರಿ ಅರ್ಧಕ್ಕರ್ಧ ಮುಚ್ಚಿತ್ತು. ನಮ್ಮ ಕಡೆ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಹೇಗಾಗುತ್ತದೋ ಹಾಗೇ. ಎರಡು ಸಾವಿರ ವರ್ಷದ ಹಿಂದೆ ಒಬ್ಬ ನಮ್ಮಂಥವನು ಇದರ ಮುಂದೆ ನಿಂತು ತಲೆ ಚಚ್ಚಿಕೊಂಡಿರಬೇಕು. ನಾನು ಅಲ್ಲಿಂದ ಏಳಲೇ ಇಲ್ಲ. ಅಕ್ಕ ಬಂದು, "ಲೋ, ಪೈಪ್ ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದಳು. ನಲವತ್ತು ಜನರ ಗುಂಪಿನಲ್ಲಾಗಿದ್ದರೆ ಇದು ಆಗುತ್ತಿರಲಿಲ್ಲ. ಖಾಸಗಿ ಗೈಡಿಗೆ ನಾವು ಕೊಡುವ ದುಡ್ಡು ಅವರ ವಿದ್ಯೆಗಿಂತ ಹೆಚ್ಚಾಗಿ ನಿಲ್ಲುವ ಹಕ್ಕಿಗೆ.

ಮುಂದೆ ಟ್ರಾಜನ್ ಚಕ್ರವರ್ತಿಯ ಕಾರಂಜಿ. ಅವನ ದೊಡ್ಡ ಪ್ರತಿಮೆಯಲ್ಲಿ ಸ್ಥಳದಲ್ಲಿ ಉಳಿದಿರುವುದು ಒಂದು ಪಾದ, ಪಕ್ಕದಲ್ಲಿ ಒಂದು ಗೋಳ. ಅದಾದ ಮೇಲೆ ಸಾರ್ವಜನಿಕ ಶೌಚಾಲಯ. ಅಮೃತಶಿಲೆಯ ಹಲಗೆಯಲ್ಲಿ ಸಾಲಾಗಿ ತೂತು, ಮಧ್ಯೆ ಗೋಡೆಯಿಲ್ಲ, ಅಡಿಯಲ್ಲಿ ಹರಿಯುವ ಚರಂಡಿ, ಮುಂದೆ ತೊಳೆದುಕೊಳ್ಳಲು ಸಣ್ಣ ಕಾಲುವೆ. ಭಾವ ಕೂತು ಫೋಟೊ ತೆಗೆಸಿಕೊಂಡರು, ಮೊಮ್ಮಕ್ಕಳಿಗೆ ಕಳಿಸಲು.

ಶ್ರೀಮಂತರ ಮನೆಗಳಿಗೆ ಬೇರೆ ಟಿಕೆಟ್, ಮೆಟ್ಟಿಲೂ ಜಾಸ್ತಿ. ಹೆಂಗಸರಿಬ್ಬರೂ ಹೋದರು, ಗೋಡೆಯ ಚಿತ್ರ, ನೆಲದ ಮೊಸಾಯಿಕ್ ನೋಡಿ ಬಾಯ್ತುಂಬ ಹೊಗಳಿದರು. ನಾನೂ ಭಾವನೂ ಕೆಳಗೆ ಕೂತು ಚಕ್ಕುಲಿ ತಿಂದೆವು. ಎಲ್ಲರೂ ಫೋಟೊ ಹಾಕುವ ಸೆಲ್ಸಸ್ ಗ್ರಂಥಾಲಯ ಅಲ್ಲೇ ಪಕ್ಕ. ಮಗನೊಬ್ಬ ತಂದೆಯ ನೆನಪಿಗೆ ಕಟ್ಟಿಸಿದ್ದು, ತಂದೆಯ ಸಮಾಧಿಯೂ ಅದರ ಅಡಿಯಲ್ಲೇ ಇದೆ. 12,000 ಪುಸ್ತಕದ ಸುರುಳಿಗಳು ಇದ್ದವಂತೆ. ನಿಂತಿರುವ ಮುಂಭಾಗ 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ವದವರು ಬಿದ್ದ ಕಲ್ಲುಗಳನ್ನು ಜೋಡಿಸಿ ಎತ್ತಿದ್ದು. ಚೆನ್ನಾಗಿದೆ. ಆದರೆ ಅಷ್ಟರಲ್ಲಿ ಬಸ್ಸುಗಳೆಲ್ಲ ಬಂದಿದ್ದವು, ನೂಕುನುಗ್ಗಲು. ಬೇಗ ದಾಟಿಕೊಂಡೆವು.

ನಾನು ಬಂದದ್ದೇ ಮುಂದಿನದಕ್ಕೆ. ದೊಡ್ಡ ರಂಗಮಂದಿರದಲ್ಲಿ ಸುಮಾರು 25,000 ಜನ ಕೂರಬಹುದಿತ್ತು. ಹತ್ತಲು ಬಿಟ್ಟಷ್ಟು ಮೆಟ್ಟಿಲು ಹತ್ತಿ ಕೂತರೆ ಕಣ್ಣೆದುರಿಗೆ ನೇರವಾಗಿ ಬಂದರಿನ ಬೀದಿ. ಅರ್ಧ ಕಿಲೋಮೀಟರ್ ಉದ್ದ, ಹನ್ನೊಂದು ಮೀಟರ್ ಅಗಲ, ಎರಡೂ ಕಡೆ ಕಂಬ. ಒಂದು ಕಾಲಕ್ಕೆ ರಾತ್ರಿ ಹೊತ್ತು ದೀಪ ಹಚ್ಚುತ್ತಿದ್ದ ಬೀದಿ. ಹಡಗಿನಿಂದ ಇಳಿದ ರೋಮಿನ ಅಧಿಕಾರಿಗಳೂ ವ್ಯಾಪಾರಿಗಳೂ ಇದರಲ್ಲೇ ನಡೆದು ಊರಿಗೆ ಬರುತ್ತಿದ್ದರು. ಆ ಬೀದಿ ಹೋಗಿ ಮುಟ್ಟುವುದು ಜೊಂಡಿನ ಜವುಗಿಗೆ. ಸಮುದ್ರ ಕಾಣುವುದೇ ಇಲ್ಲ. ಅದು ಈಗ ಐದಾರು ಕಿಲೋಮೀಟರ್ ಆಚೆ.

ಮಾಡಿದ್ದು ನದಿ. ಆಗ ಕೈಸ್ಟ್ರೋಸ್, ಈಗ ಕ್ಯೂಚುಕ್ ಮೆಂದೆರೆಸ್. ವರ್ಷವರ್ಷವೂ ಮಣ್ಣು ತಂದು ಬಂದರಿಗೆ ಸುರಿಯಿತು. ಇದು ಎಲ್ಲ ಗೈಡುಗಳೂ ಹೇಳುವ ಮಾತು. ನಮ್ಮ ಹುಡುಗಿ ಚೀಲದಿಂದ ಒಂದು ಹಾಳೆ ತೆಗೆದಳು, ನನಗಾಗಿಯೇ ಓದಿಕೊಂಡು ಬಂದಿದ್ದಳು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಪೆರ್ಗಮಾನ್‌ನ ರಾಜ ಎರಡನೇ ಅಟಾಲಸ್, ಬಂದರಿನ ಬಾಯಿ ತೀರಾ ಅಗಲವಾಗಿದೆ, ಕಿರಿದು ಮಾಡಿದರೆ ಆಳ ಹೆಚ್ಚಾಗುತ್ತದೆ, ದೊಡ್ಡ ಹಡಗು ಬರುತ್ತವೆ ಅಂದುಕೊಂಡು ಬಾಯಿಗೆ ಅಡ್ಡಲಾಗಿ ತಡೆಗೋಡೆ ಕಟ್ಟಿಸಿದ. ಆದದ್ದು ತಿರುಗುಮುರುಗು. ಅಲ್ಲಿಯವರೆಗೆ ಅಲೆ ಬಂದು ಹೋಗುವಾಗ ಹೂಳನ್ನು ಹೊರಗೆ ಎಳೆದುಕೊಂಡು ಹೋಗುತ್ತಿತ್ತು. ಗೋಡೆ ಬಂದ ಮೇಲೆ ಹೂಳು ಒಳಗೇ ನಿಂತಿತು. ಸ್ಟ್ರಾಬೋ ಎಂಬ ಹಳೆಯ ಭೂಗೋಳಕಾರ ಇದನ್ನು ಬರೆದಿಟ್ಟಿದ್ದಾನೆ. ಆಮೇಲೆ ರೋಮಿನ ಚಕ್ರವರ್ತಿ ನೀರೋ ಕಾಲದಲ್ಲಿ ಹೂಳೆತ್ತಿದರು. ಚಕ್ರವರ್ತಿ ಹಾಡ್ರಿಯನ್ ನದಿಯನ್ನೇ ತಿರುಗಿಸಿದ, ಅದಕ್ಕೆ ಕೃತಜ್ಞತೆ ಹೇಳುವ ಕ್ರಿ.ಶ. 129ರ ಶಾಸನ ಇದೆ. ನದಿ ಬಿಡಲಿಲ್ಲ. ಜವುಗು, ಸೊಳ್ಳೆ, ಮಲೇರಿಯಾ. ಜನ ಊರು ಬಿಟ್ಟು ಗುಡ್ಡದ ಕಡೆ ಹೋದರು.

ನನಗೆ ಸುಮ್ಮನಿರಲಾಗಲಿಲ್ಲ. ಕಡ್ಡಿ ತೆಗೆದುಕೊಂಡು ಧೂಳಿನಲ್ಲಿ ಕನ್ನಂಬಾಡಿ ಕಟ್ಟೆ ಬರೆದೆ. ತಳದಲ್ಲಿ ಹೂಳು ಕೊಚ್ಚಿಕೊಂಡು ಹೋಗಲೆಂದೇ ತೂಬು ಇಟ್ಟದ್ದನ್ನು ತೋರಿಸಿದೆ. ನಾಲೆಯಲ್ಲಿ ನೀರು ನಿಲ್ಲಿಸಿದ ದಿನಗಳಲ್ಲಿ ಹೂಳೆತ್ತಿಸುವುದು, ನೀರು ಹಂಚುವ ಸೌಡಿಗಳು ತೂಬಿನ ಬಾಯಿ ಕಾಯುವುದು, ಬಾಯಿ ಕಿರಿದಾದರೆ ಎಲ್ಲಿ ಮಣ್ಣು ಕೂರುತ್ತದೆ ಅನ್ನುವುದು, ಎಲ್ಲ ಹೇಳಿದೆ. ಇಂಗ್ಲಿಷ್ ಅರ್ಧ, ಕೈಸನ್ನೆ ಅರ್ಧ. ಅವಳು ನಿಮ್ಮ ಭಾಷೆಯಲ್ಲಿ ಇದಕ್ಕೇನಂತೀರಿ ಅಂದಳು. ಹೂಳು ಅಂದೆ. ಮಣ್ಣಲ್ಲಿ ಮುಚ್ಚುವುದಕ್ಕೂ ಅದೇ ಪದ ಅಂತಲೂ ಹೇಳಿದೆ. ಬರೆದುಕೊಂಡಳು.

ಅಕ್ಕ ಅಷ್ಟು ಹೊತ್ತು ಸುಮ್ಮನೆ ಬೀದಿಯ ತುದಿಯನ್ನೇ ನೋಡುತ್ತಿದ್ದವಳು, "ನಮ್ ತಲಕಾಡೇ ಕಣೋ ಇದು" ಅಂದಳು.

ಹೌದಲ್ಲ ಅನ್ನಿಸಿತು. ತಲಕಾಡಿನ ಮರಳಿಗೆ ನಾವು ಅಲಮೇಲಮ್ಮನ ಶಾಪ ಹೇಳುತ್ತೇವೆ. ಆದರೆ ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಾವೇರಿಗೆ ಕಟ್ಟಿಸಿದ ಅಣೆಕಟ್ಟೆಯಿಂದ ನೀರಿನ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿ ಊರ ಮೇಲೆ ತಂದು ಹಾಕಿತು ಅನ್ನುವ ವಾದವೂ ಇದೆ. ಅಲ್ಲಿ ರಾಜನ ಗೋಡೆ, ಇಲ್ಲಿ ಮಂತ್ರಿಯ ಕಟ್ಟೆ. ಇಬ್ಬರೂ ಒಳ್ಳೆಯದಕ್ಕೇ ಕಟ್ಟಿದ್ದು. ನನ್ನ ಸರ್ವಿಸ್‌ನಲ್ಲಿ ನಾನೂ ಒಂದೆರಡು ಕಡೆ ಅಡ್ಡಗೋಡೆ ಕಟ್ಟಿಸಿದ್ದೇನೆ. ಅವನ್ನು ಒಂದೊಂದಾಗಿ ನೆನೆಸಿಕೊಂಡೆ.

ಈ ಹರಟೆಯಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಬೆಳಿಗ್ಗೆ ಬೋರ್ಡು ಹುಡುಕುತ್ತಾ ಕಳೆದ ಇಪ್ಪತ್ತು ನಿಮಿಷ ಈಗ ಲೆಕ್ಕಕ್ಕೆ ಬಂತು. ಹಡಗು ಹತ್ತಲು ಕೊನೆಯ ಗಡುವಿಗಿಂತ ಒಂದೂವರೆ ಗಂಟೆ ಮೊದಲೇ ಬಂದರಿನಲ್ಲಿರಬೇಕು ಅಂತ ನಾನೇ ನಿಯಮ ಮಾಡಿದ್ದೆ. ಮೇರಿ ಮಾತೆಯ ಮನೆಯನ್ನು ಕೈಬಿಟ್ಟೆವು. ಆರ್ಟೆಮಿಸ್ ದೇವಿಯ ಗುಡಿಯ ಜಾಗದಲ್ಲಿ ಕಾಲು ಗಂಟೆ ನಿಂತೆವು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಗುಡಿ, ಈಗ ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಕಂಬ, ನೆತ್ತಿಯಲ್ಲಿ ಕೊಕ್ಕರೆ ಗೂಡು, ಸುತ್ತ ನಿಂತ ನೀರು. ಭೂಕಂಪದ ಪೆಟ್ಟು ತಾಗದಿರಲೆಂದು ಬೇಕೆಂದೇ ಜವುಗಿನಲ್ಲಿ ಕಟ್ಟಿ, ಬುನಾದಿಗೆ ಇದ್ದಿಲು ತುಳಿದು, ಮೇಲೆ ಕುರಿಯ ಉಣ್ಣೆ ಹಾಸಿದ್ದರು ಅಂತ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಅದೂ ಹೂಳಿನಡಿ ಹೋಗಿತ್ತು. ಆರು ವರ್ಷಕ್ಕೂ ಹೆಚ್ಚು ಹುಡುಕಿ 1869ರ ಕೊನೆಯಲ್ಲಿ ಜಾನ್ ಟರ್ಟಲ್ ವುಡ್ ಪತ್ತೆ ಮಾಡಿದ. ಆ ಕಡೆ ರೈಲ್ವೆ ಸ್ಟೇಷನ್ ಕಟ್ಟಿಸಲು ಬಂದಿದ್ದ ಮನುಷ್ಯ. ಇಪ್ಪತ್ತಡಿ ಆಳದಲ್ಲಿ ಸಿಕ್ಕಿತಂತೆ.

ಹಡಗು ಹತ್ತಿದಾಗ ಒಂದು ಗಂಟೆ ಹತ್ತು ನಿಮಿಷ ಬಾಕಿ ಇತ್ತು. ಹಡಗು ಬಿಡುವ ಹೊತ್ತಿಗೆ ಮೇಲಿನ ಡೆಕ್‌ನಿಂದ ನೋಡುತ್ತಿದ್ದೆವು. ಯಾರೋ ಗಂಡಹೆಂಡತಿ ಕೈಯಲ್ಲಿ ಸುತ್ತಿದ ಕಾರ್ಪೆಟ್ ಹಿಡಿದು ಕಟ್ಟೆಯ ಉದ್ದಕ್ಕೂ ಓಡಿ ಬಂದರು. ಹಡಗು ಹತ್ತುವ ಸೇತುವೆ ತೆಗೆಯುವ ಮುನ್ನ ಹತ್ತಿಕೊಂಡರು. ಭಾವ ಚಪ್ಪಾಳೆ ತಟ್ಟಿದರು.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಹಠ ಹಿಡಿದು ತಲಕಾಡಿಗೆ ಹೊರಡಿಸಿದಳು. ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ನಡೆಯುವಾಗ ಒಬ್ಬ ಹುಡುಗ ಬಂದ. "ಗೈಡ್ ಬೇಕಾ ಸಾರ್?"

ಅಕ್ಕ ಕೇಳಿದಳು, "ಮಾಧವಮಂತ್ರಿ ಕಟ್ಟೆ ಕತೆ ಹೇಳ್ತೀಯೇನಪ್ಪ? ಶಾಪದ್ದು ಬೇಡ."

"ಎಲ್ರೂ ಶಾಪದ್ದೇ ಕೇಳಾದು ಮೇಡಂ," ಅಂದ.

"ಸರಿ ಬಾ, ನೀನು ದಾರಿ ತೋರ್ಸು, ಕತೆ ಇವನು ಹೇಳ್ತಾನೆ," ಅಂತ ನನ್ನ ಕಡೆ ಕೈ ಮಾಡಿದಳು. ರೇಟಿನಲ್ಲಿ ಮಾತ್ರ ಅವನು ಒಂದು ರೂಪಾಯಿಯೂ ಬಿಡಲಿಲ್ಲ.