ಸ್ಟ್ರೆಸ್ ಟೆಸ್ಟ್‌ಗೆ ಮುಂಚೆ ಕಾಲಂಗಳನ್ನು ನೋಡಿ

ಕೆಟ್ಟ ಪರಿಸ್ಥಿತಿ ಬಂದರೆ ಬ್ಯಾಂಕಿನ ಸಾಲಗಳು ತಡೆದುಕೊಳ್ಳುತ್ತವಾ ಅಂತ ಲೆಕ್ಕ ಹಾಕಿ ನೋಡೋದೇ ಸ್ಟ್ರೆಸ್ ಟೆಸ್ಟ್. ಬಡ್ಡಿ ದರ 2 ಪರ್ಸೆಂಟ್ ಏರಿದರೆ ಏನಾಗುತ್ತದೆ ಅಂತ ನಾನು ನಡೆಸಿದ ಮೊದಲ ಸ್ಟ್ರೆಸ್ ಟೆಸ್ಟ್‌ನಲ್ಲಿ ಒಂದು ಗುಂಪಿನ ಸಾಲಗಳು ಅಲ್ಲಾಡಲೇ ಇಲ್ಲ. ಭಾರಿ ಗಟ್ಟಿ ಸಾಲಗಳು ಅಂತ ಖುಷಿಪಟ್ಟೆ. ಸಾಲಗಳ ಡೇಟಾ ಎರಡು ಸಿಸ್ಟಮ್‌ಗಳಿಂದ ಒಂದೇ ಟೇಬಲ್‌ಗೆ ಬಂದಿತ್ತು. ಆಮೇಲೆ ನೋಡಿದರೆ, ಒಂದು ಸಿಸ್ಟಮ್ 9 ಪರ್ಸೆಂಟನ್ನು 0.09 ಅಂತ ಇಟ್ಟಿತ್ತು, ಇನ್ನೊಂದು ಬರೀ 9 ಅಂತ. ನಾನು ಎರಡಕ್ಕೂ 0.02 ಕೂಡಿಸಿದ್ದೆ. ಒಂದು ಕಡೆ ದರ 11 ಆಯಿತು, ಇನ್ನೊಂದು ಕಡೆ 9.02!

ಅಂದಿನಿಂದ ಮಾಡೆಲ್ ಮುಟ್ಟುವ ಮುಂಚೆ ಡೇಟಾ ಡಿಕ್ಷನರಿ ಬರೆಯುತ್ತೇನೆ. ಪ್ರತಿ ಕಾಲಂಗೂ ಒಂದು ಹೆಸರು, ಒಂದು ಅರ್ಥ, ಒಂದು ಅಳತೆ. ದಿನಾಂಕಕ್ಕೆ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾದರಿ, ಅಂದರೆ ವರ್ಷ-ತಿಂಗಳು-ದಿನ: 2024-04-03. 03/04 ಅಂತ ಬಿಟ್ಟರೆ ಏಪ್ರಿಲ್ಲೋ ಮಾರ್ಚೋ ಯಾರಿಗೆ ಗೊತ್ತು? ಕರೆನ್ಸಿಗೆ ಐಎಸ್‌ಒ 4217ರ ಮೂರಕ್ಷರದ ಕೋಡ್ ಸಾಕು.

ದಿನ ಎಣಿಸುವ ಪದ್ಧತಿಗೂ ಒಂದು ಕಾಲಂ ಕೊಡಿ. ಜಾಸ್ತಿ ಜನ ಇದನ್ನೇ ಮರೆಯುತ್ತಾರೆ. 10,00,000 ಸಾಲಕ್ಕೆ 9 ಪರ್ಸೆಂಟ್ ಬಡ್ಡಿ, 365 ದಿನ ಅಂದುಕೊಳ್ಳಿ. ವರ್ಷಕ್ಕೆ 365 ದಿನ ಅಂತ ಭಾಗಿಸಿದರೆ ಬಡ್ಡಿ 90,000. 360ರಿಂದ ಭಾಗಿಸಿದರೆ 91,250. ಸಾಲವೂ ಅದೇ, ದರವೂ ಅದೇ, ಆದರೂ 1,250 ವ್ಯತ್ಯಾಸ.

ಸಾಲಗಾರ ಕಂಪನಿಯನ್ನು ಹೆಸರಿನಿಂದ ಗುರುತಿಸಬೇಡಿ, ಎಲ್‌ಇಐ ಬಳಸಿ, ಅಂದರೆ ಪ್ರತಿ ಸಂಸ್ಥೆಗೂ ಜಗತ್ತಿನಾದ್ಯಂತ ಒಂದೇ ಆಗಿರುವ 20 ಅಕ್ಷರ-ಅಂಕಿಗಳ ಗುರುತು. 2008ರಲ್ಲಿ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಬಿದ್ದಾಗ, ಅದರ ಯಾವ ಕಂಪನಿಯಿಂದ ತಮಗೆ ಎಷ್ಟು ಬರಬೇಕು ಅಂತ ಬೇಗ ಕೂಡಿ ಹೇಳೋದೇ ಬ್ಯಾಂಕುಗಳಿಗೆ ಕಷ್ಟವಾಯಿತು. ಎಲ್‌ಇಐ ಬಂದದ್ದು ಆ ಪಾಠದಿಂದಲೇ. ಬ್ಯಾಂಕುಗಳಿಗೆ ಜಾಗತಿಕ ಮಾನದಂಡ ರೂಪಿಸುವ ಬಾಸೆಲ್ ಸಮಿತಿ 2013ರಲ್ಲಿ ಹೊರಡಿಸಿದ ಬಿಸಿಬಿಎಸ್ 239, ಅಂದರೆ ರಿಸ್ಕ್ ಡೇಟಾ ಕೂಡಿಸಿ ವರದಿ ಮಾಡುವ ತತ್ವಗಳ ಹಿಂದೆಯೂ ಅದೇ ಬಿಕ್ಕಟ್ಟು ಇದೆ. ಆದರೆ ಒಂದು ಎಲ್‌ಇಐ ಅಂದರೆ ಒಂದೇ ಸಂಸ್ಥೆ. ಇಡೀ ಗುಂಪಿನ ಸಾಲ ಕೂಡಿಸಬೇಕಾದರೆ ಮಾತೃ ಕಂಪನಿಗೆ ಬೇರೆ ಕಾಲಂ ಬೇಕು.

ಲೆಕ್ಕ ಮಾಡಿದ ಕಂತುಗಳನ್ನಷ್ಟೇ ತುಂಬಿಸಿಕೊಂಡು ಕೂರಬೇಡಿ. ದರ ಬದಲಾದಾಗ ಅವು ತಾವಾಗಿ ಬದಲಾಗೋದಿಲ್ಲ ಅಲ್ವಾ? ಒಪ್ಪಂದದ ಷರತ್ತುಗಳನ್ನೇ ಇಟ್ಟುಕೊಳ್ಳಿ: ಅಸಲು, ದರ, ದರ ಮರುಹೊಂದಿಸುವ ದಿನ, ಮುಗಿಯುವ ದಿನ. ಆಕ್ಟಸ್ ಎಂಬ ಮುಕ್ತ ಸ್ಟ್ಯಾಂಡರ್ಡ್ ಮಾಡೋದೂ ಇದನ್ನೇ. ಷರತ್ತು ಕೊಟ್ಟರೆ ಹಣದ ಹರಿವು ಹೊರಗೆ ಬರುತ್ತದೆ.

ಕೊನೆಗೆ, ಹೋದ ತಿಂಗಳ ಬಡ್ಡಿಯನ್ನು ಹೀಗೆ ಸರಿಮಾಡಿದ ಟೇಬಲ್‌ನಿಂದ ಲೆಕ್ಕ ಹಾಕಿ, ಖಾತೆಗೆ ಬ್ಯಾಂಕ್ ಹಾಕಿದ ಬಡ್ಡಿಯ ಜೊತೆ ತಾಳೆ ನೋಡಿ. ತಾಳೆಯಾಗದ ಸಾಲಗಳನ್ನು ಬೇರೆ ಇಡಿ, ಒಂದೊಂದಾಗಿ ಬಿಡಿಸಿ. ಖಾಲಿ ಕಾಲಂಗೆ ಮಾತ್ರ ಸುಮ್ನೆ 0 ತುಂಬಬೇಡಿ. ಅಡಮಾನದ ಬೆಲೆ ಗೊತ್ತಿಲ್ಲ ಅನ್ನೋದು ಬೇರೆ, ಅಡಮಾನವೇ ಇಲ್ಲ ಅನ್ನೋದು ಬೇರೆ.